ಎಲುಬಿಗೆ ತುಂಬುವ ಗಾಜು ಬೇರೆ, ಬೋರಿನ ನೀರು ಬೇರೆ

ಸಂಪಾದಕರಿಗೆ ನಮಸ್ಕಾರ.

ಎರಡು ವಾರದ ಹಿಂದೆ ನಿಮ್ಮ ಭಾನುವಾರದ ಪುರವಣಿಯಲ್ಲಿ ಎಲುಬಿನ ಜಾಗಕ್ಕೆ ಹಾಕುವ ಫ್ಲೋರಿನ್ ಗಾಜಿನ ಬಗ್ಗೆ ಅರ್ಧ ಪುಟದ ಲೇಖನ ಬಂದಿತ್ತು. ಪಕ್ಕದಲ್ಲೇ ಕಾಲು ಸೊಟ್ಟಗಾದ ಒಬ್ಬ ಅಜ್ಜನ ಫೋಟೊ. ಕೆಳಗೆ ಫ್ಲೋರೈಡ್ ಪೀಡಿತರು ಎಂದು ಒಂದು ಸಾಲು. ಫೋಟೊ ಹಾಕಿದವರು ಲೇಖನ ಓದಿರಲಿಕ್ಕಿಲ್ಲ. ಓದುಗರಲ್ಲೂ ಬಹಳ ಜನ ಫೋಟೊ ನೋಡಿದರು, ಲೇಖನ ಓದಲಿಲ್ಲ. ನನ್ನ ತಂಗಿ ಅವರಲ್ಲಿ ಒಬ್ಬಳು.

ಅವಳನ್ನು ಕೊಟ್ಟಿರುವುದು ಬಾಗಲಕೋಟೆ ಜಿಲ್ಲೆ ಹುನಗುಂದದ ಕಡೆಯ ಒಂದು ಹಳ್ಳಿಗೆ. ಅವತ್ತು ಬೆಳಿಗ್ಗೆ ಎಂಟಕ್ಕೇ ಫೋನ್ ಬಂತು. "ಅಣ್ಣಾ, ನಿನ್ನ ಕಾಲಾಗ ಗಾಜು ತುಂಬ್ಯಾರ ಅಂದಿದ್ದಿ. ಅದರಾಗ ಫ್ಲೋರೈಡ್ ಇರ್ತೈತಂತ. ಪೇಪರಿನ್ಯಾಗ ಬಂದೈತಿ. ಮೊದಲ ತೆಗಸು ಅದನ್ನ." ಹೇಳುತ್ತಾ ಅತ್ತೇಬಿಟ್ಟಳು. ಫ್ಲೋರಿನ್ ಬೇರೊಂದರ ಜೊತೆ ಕೂಡಿದಾಗ ಅದನ್ನೇ ಫ್ಲೋರೈಡ್ ಎನ್ನುತ್ತಾರೆ. ಅವಳು ಸುಮ್ನೆ ಹೆದರುವವಳಲ್ಲ. ಅವಳ ಊರಿನ ಬೋರಿನ ನೀರಿನಲ್ಲಿ ಫ್ಲೋರೈಡ್ ಜಾಸ್ತಿ, ಅದು ಎಲುಬು, ಹಲ್ಲು ಎರಡನ್ನೂ ಕೆಡಿಸುತ್ತದೆ. ಅವಳ ಅತ್ತೆ ಕೊನೆಯ ಹತ್ತು ವರ್ಷ ನೆಟ್ಟಗೆ ನಿಂತದ್ದನ್ನು ಯಾರೂ ನೋಡಿಲ್ಲ. ನೆಲ ನೋಡಿಕೊಂಡೇ ನಡೆಯುತ್ತಿದ್ದರು. ಎದುರಿಗೆ ಬಂದವರನ್ನು ಚಪ್ಪಲಿಯಿಂದಲೇ ಗುರುತು ಹಿಡಿಯುತ್ತಿದ್ದರು. ತಂಗಿಯ ಇಬ್ಬರು ಮಕ್ಕಳ ಹಲ್ಲಿನ ಮೇಲೂ ಕಂದು ಗೆರೆ ಇದೆ. ಫ್ಲೋರೈಡ್ ಎಂದರೆ ಏನೆಂದು ಆ ಮನೆಗೆ ಪೇಪರಿನವರು ಹೇಳಬೇಕಿಲ್ಲ.

ನಾನು ಡಾಕ್ಟರಲ್ಲ. ಬೆಳಗಾವಿ ಉದ್ಯಮಬಾಗದ ಫೌಂಡ್ರಿಗಳಲ್ಲಿ 34 ವರ್ಷ ಭಟ್ಟಿಯ ಮುಂದೆ ನಿಂತವನು. 1982ರಲ್ಲಿ ಹೆಲ್ಪರ್ ಆಗಿ ಸೇರಿ, ಮೆಲ್ಟಿಂಗ್ ಸೂಪರ್‌ವೈಸರ್ ಆಗಿ ರಿಟೈರ್ ಆದೆ. ಹೋದ ಮಳೆಗಾಲದಲ್ಲಿ ಮೂರನೇ ರೈಲ್ವೆ ಗೇಟ್ ಹತ್ತಿರ ಸ್ಕೂಟರ್ ಜಾರಿ ಬಿದ್ದೆ. ಮೊಣಕಾಲಿನ ಕೆಳಗಿನ ದೊಡ್ಡ ಎಲುಬಿನ ತಲೆ ಒಳಕ್ಕೆ ಕುಸಿದಿತ್ತು. ಡಾಕ್ಟರು ಅದನ್ನು ಎತ್ತಿ ಕೂರಿಸಿ ಸ್ಟೀಲ್ ಪ್ಲೇಟು, ಸ್ಕ್ರೂ ಹಾಕಿದರು. ಎತ್ತಿದ ಮೇಲೆ ಕೆಳಗೆ ಪೊಳ್ಳು ಉಳಿಯಿತು. ಮೊದಲೆಲ್ಲ ಇಂಥ ಪೊಳ್ಳಿಗೆ ಸೊಂಟದ ಎಲುಬನ್ನು ಕೆತ್ತಿ ತುಂಬುತ್ತಿದ್ದರಂತೆ. ನನಗೆ ರವೆಯಂಥ ಬಿಳಿ ಕಾಳು ತುಂಬಿದರು. ಬಿಲ್ಲಿನಲ್ಲಿ 'ಬೋನ್ ಸಬ್‌ಸ್ಟಿಟ್ಯೂಟ್, ಒಂದು' ಎಂದಷ್ಟೇ ಇತ್ತು. ಏನದು ಎಂದು ಕೇಳಿದ್ದಕ್ಕೆ "ಒಂಥರಾ ಗಾಜ್ರೀ ಕಾಕಾ, ಚಿಂತಿ ಮಾಡಬ್ಯಾಡ್ರಿ" ಎಂದರು. ನಾನೂ ಬಿಟ್ಟೆ. ಭಟ್ಟಿಗೆ ಒಂದು ಬುಟ್ಟಿ ಮಾಲು ಹಾಕುವಾಗಲೂ ಟೆಸ್ಟ್ ಸರ್ಟಿಫಿಕೇಟ್ ಕೇಳುತ್ತಿದ್ದವನು, ನನ್ನದೇ ಕಾಲಿಗೆ ಹಾಕಿದ್ದರ ಬಗ್ಗೆ ಎರಡನೇ ಸಲ ಕೇಳಲಿಲ್ಲ. ತಪ್ಪು ನನ್ನದೂ ಹೌದು.

ತಂಗಿಯ ಫೋನ್ ಬಂದ ಮೇಲೆ ಆಸ್ಪತ್ರೆಯ ರೆಕಾರ್ಡ್ ರೂಮಿಗೆ ಹೋದೆ. ಎರಡು ಸಲ ವಾಪಸ್ ಕಳಿಸಿದರು. ಮೂರನೇ ಸಲ ಫೈಲ್ ಸಿಕ್ಕಿತು. ಅದರೊಳಗೆ ಒಂದು ಸ್ಟಿಕ್ಕರ್ ಅಂಟಿಸಿದ್ದರು. ಕ್ಯಾಲ್ಸಿಯಂ, ಸೋಡಿಯಂ, ಫಾಸ್ಫರಸ್, ಸಿಲಿಕಾ. ಅಷ್ಟೇ. ಫ್ಲೋರಿನ್ ಹೆಸರೇ ಇಲ್ಲ.

ಮಗಳು ಕೆಮಿಸ್ಟ್ರಿ ಲೆಕ್ಚರರ್. ಸ್ಟಿಕ್ಕರಿನ ಫೋಟೊ ನೋಡಿ, ಇದು 1969ರಲ್ಲಿ ಅಮೆರಿಕದ ಫ್ಲೋರಿಡಾ ವಿಶ್ವವಿದ್ಯಾಲಯದ ಲ್ಯಾರಿ ಹೆಂಚ್ ಮಾಡಿದ ಬಯೋಗ್ಲಾಸ್‌ನ ಜಾತಿಯದು ಎಂದಳು. ತೂಕದ ಲೆಕ್ಕದಲ್ಲಿ ನೂರಕ್ಕೆ 45 ಭಾಗ ಸಿಲಿಕಾ, ಸೋಡಿಯಂ ಆಕ್ಸೈಡ್ ಮತ್ತು ಕ್ಯಾಲ್ಸಿಯಂ ಆಕ್ಸೈಡ್ ತಲಾ 24.5, ಉಳಿದ 6 ರಂಜಕದ, ಅಂದರೆ ಫಾಸ್ಫರಸ್ಸಿನ, ಆಕ್ಸೈಡ್. ಹೆಂಚ್ ಅವರಿಗೆ ಈ ಯೋಚನೆ ಬಂದದ್ದು 1967ರಲ್ಲಿ, ಬಸ್ಸಿನಲ್ಲಿ. ಪಕ್ಕದಲ್ಲಿ ಕೂತಿದ್ದ ಒಬ್ಬ ಕರ್ನಲ್ ವಿಯೆಟ್ನಾಂ ಯುದ್ಧದಿಂದ ಬಂದವರು. ಮೈ ತಳ್ಳಿಹಾಕದಂಥ ವಸ್ತು ಮಾಡಲಿಕ್ಕೆ ನಿಮಗೆ ಆಗುವುದಿಲ್ಲವೇ ಎಂದು ಕೇಳಿದರಂತೆ. ಈ ಗಾಜು ಮೈಯೊಳಗಿನ ನೀರಿಗೆ ಸ್ವಲ್ಪ ಸ್ವಲ್ಪ ಕರಗುತ್ತದೆ. ಕರಗಿದ ಕಡೆ ಮೇಲ್ಮೈಯಲ್ಲಿ ಎಲುಬಿನ ಖನಿಜವೇ ಆದ ಅಪಟೈಟ್ ಪದರ ಕಟ್ಟುತ್ತದೆ. ಎಲುಬು ಅದನ್ನು ತನ್ನದೇ ಎಂದು ಹಿಡಿದುಕೊಳ್ಳುತ್ತದೆ.

ತಂಗಿಗೆ ಫೋನ್ ಮಾಡಿ, ನನ್ನ ಕಾಲಲ್ಲಿ ಫ್ಲೋರಿನ್ ಇಲ್ಲ ಎಂದೆ. ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಮಗಳು ಕೇಳಿದಳು: "ಇದ್ದಿದ್ದರೆ ತೆಗೆಸ್ತಿದ್ದೇನಪ್ಪಾ?" ನನ್ನ ಹತ್ತಿರ ಉತ್ತರ ಇರಲಿಲ್ಲ. ಅವಳ ಪುಸ್ತಕಗಳನ್ನು ಇಟ್ಟುಕೊಂಡು ಎರಡು ವಾರ ಕೂತೆವು. ಅವಳು ಓದಿ ಹೇಳಿದಳು, ನಾನು ನನ್ನ ಭಟ್ಟಿಯ ಲೆಕ್ಕದಲ್ಲಿ ಅರ್ಥ ಮಾಡಿಕೊಂಡೆ. ಈ ಪತ್ರ ಅದರ ಫಲ.

ಮೊದಲು ನಿಮ್ಮ ಲೇಖನದ ಒಂದು ತಪ್ಪು. ಫ್ಲೋರಿನ್ ಸೇರಿಸಿದರೆ ಗಾಜಿನ ಹೆಣಿಗೆ ಬಿಗಿಯಾಗುತ್ತದೆ ಎಂದು ಬರೆದಿದ್ದೀರಿ. ಉಲ್ಟಾ. ಇದನ್ನು ಹೇಳಲಿಕ್ಕೆ ನನಗೆ ಪುಸ್ತಕ ಬೇಕಿಲ್ಲ. ನಾವು ಕ್ಯುಪೋಲಾ ಭಟ್ಟಿ ಓಡಿಸುವ ಕಾಲದಲ್ಲಿ ಸುಣ್ಣದ ಕಲ್ಲಿನ ಜೊತೆ ಫ್ಲೋರ್‌ಸ್ಪಾರ್ ಹಾಕುತ್ತಿದ್ದೆವು. ಅದು ಕ್ಯಾಲ್ಸಿಯಂ ಫ್ಲೋರೈಡ್‌ನ ಕಲ್ಲು, ನೋಡಲು ತಿಳಿ ನೇರಳೆ, ಹಸಿರು. ಕರಗಿದ ಕಬ್ಬಿಣದ ಮೇಲೆ ತೇಲುವ ಕಿಟ್ಟ, ಅಂದರೆ ಸ್ಲ್ಯಾಗ್, ಗೋಧಿ ಹುಗ್ಗಿಯಂತೆ ಗಟ್ಟಿಯಾಗಿ ತೂತು ಕಟ್ಟಿಕೊಂಡಾಗ ನಾಲ್ಕು ಸಲಿಕೆ ಇದನ್ನು ಎಸೆದರೆ ಸಾಕು, ಸ್ವಲ್ಪ ಹೊತ್ತಿಗೆ ಸಾರಿನಂತೆ ಹರಿಯುತ್ತಿತ್ತು. ಸ್ಲ್ಯಾಗ್ ಎಂದರೂ ಒಂದು ಕೊಳಕು ಗಾಜೇ ಅಲ್ವಾ? ಗಾಜಿನೊಳಗೆ ಒಂದೊಂದು ಸಿಲಿಕಾನ್ ನಾಲ್ಕು ಆಕ್ಸಿಜನ್‌ಗಳ ಕೈ ಹಿಡಿದಿರುತ್ತದೆ. ಆ ಆಕ್ಸಿಜನ್‌ಗಳು ಮತ್ತೆ ಬೇರೆ ಸಿಲಿಕಾನ್‌ಗಳ ಕೈ ಹಿಡಿದು ಬಲೆಯಾಗುತ್ತವೆ. ಕ್ಯಾಲ್ಸಿಯಂ, ಸೋಡಿಯಂ ಬಂದರೆ ಬಲೆಯ ಗಂಟು ಅಲ್ಲಲ್ಲಿ ಬಿಚ್ಚುತ್ತದೆ. ಫ್ಲೋರಿನ್ ಬಂದರೆ ಇಡೀ ಗಾಜು ಮತ್ತಷ್ಟು ಸಡಿಲ. ಕಡಿಮೆ ಶಾಖಕ್ಕೇ ಮೆತ್ತಗಾಗುತ್ತದೆ, ಅಣುಗಳಿಗೆ ಓಡಾಡಲು ದಾರಿ ಸಿಗುತ್ತದೆ.

ಫ್ಲೋರಿನ್ ಸಿಲಿಕಾನ್‌ಗೇ ಅಂಟಿಕೊಳ್ಳುತ್ತದೆ ಎಂದು ಹಿಂದೆ ತಿಳಿದಿದ್ದರಂತೆ. ಎನ್‌ಎಂಆರ್ ಎಂಬ, ಯಾವ ಪರಮಾಣುವಿನ ಪಕ್ಕ ಯಾವುದಿದೆ ಎಂದು ತೋರಿಸುವ ಯಂತ್ರದಲ್ಲಿ ಪರೀಕ್ಷೆ ಮಾಡಿದಾಗ, ಇಂಥ ಎಲುಬಿನ ಗಾಜಿನಲ್ಲಿ ಅದು ಹೆಚ್ಚಾಗಿ ಕ್ಯಾಲ್ಸಿಯಂ ಪಕ್ಕದಲ್ಲಿ ಇರುತ್ತದೆ ಎಂದು ಗೊತ್ತಾಯಿತು. ಅಲ್ಯೂಮಿನಿಯಂ ಸೇರಿಸಿದ ಗಾಜಾದರೆ ಅದರ ಪಕ್ಕದಲ್ಲಿಯೂ ಇರುತ್ತದೆ. ಇದು ಸಣ್ಣ ವಿಷಯವಲ್ಲ. ಸಿಲಿಕಾನ್‌ಗೆ ಫ್ಲೋರಿನ್ ಅಂಟಿದರೆ ಸಿಲಿಕಾನ್ ಟೆಟ್ರಾಫ್ಲೋರೈಡ್ ಎಂಬ ಹೊಗೆಯಾಗಿ ಹಾರಿಹೋಗುತ್ತದೆ. ನಮಗೆ ಅದರ ಪರಿಚಯ ಚೆನ್ನಾಗಿದೆ. ಫ್ಲೋರ್‌ಸ್ಪಾರ್ ಜಾಸ್ತಿಯಾದ ದಿನ ಕಣ್ಣು ಉರಿಯುತ್ತಿತ್ತು, ಗಂಟಲು ಕೆರೆಯುತ್ತಿತ್ತು. ಭಟ್ಟಿಯ ಲೈನಿಂಗ್ ಕೂಡ ತಿಂದುಹಾಕುತ್ತಿತ್ತು. ನಮ್ಮ ಹಳೇ ಮಿಸ್ತ್ರಿ ಫ್ಲೋರ್‌ಸ್ಪಾರ್ ಡಬ್ಬಿಯನ್ನು ತಾವೇ ಕಾಯುತ್ತಿದ್ದರು. "ಉಪ್ಪಿನಂಗ ಹಾಕ್ರೋ, ಹಿಟ್ಟಿನಂಗ ಅಲ್ಲ" ಎನ್ನುತ್ತಿದ್ದರು.

ಸಡಿಲ ಮಾಡುವುದು ಅರ್ಧ ಕೆಲಸ. ಉಳಿದರ್ಧ ಹರಳು ಕಟ್ಟಿಸುವುದು. ಬರೀ ಗಾಜಿಗೆ ಹರಳಿಲ್ಲ, ಒಂದು ಕಡೆ ಸೀಳು ಬಿಟ್ಟರೆ ತಡೆಯುವವರಿಲ್ಲ, ಕೊನೆಯವರೆಗೂ ಓಡುತ್ತದೆ. ಗಾಜಿನೊಳಗೇ ಸಣ್ಣ ಸಣ್ಣ ಹರಳು ಹುಟ್ಟಿಸಿದರೆ ಸೀಳಿಗೆ ಅಡ್ಡ ಬರುತ್ತವೆ. ಸಕ್ಕರೆ ಪಾಕದ ತೆಳು ಹಾಳೆ ಚಟ್ಟನೆ ಮುರಿಯುತ್ತದೆ, ಗೋಕಾಕಿನ ಕರದಂಟು ಹಾಗೆ ಮುರಿಯುವುದಿಲ್ಲ. ಒಳಗೆ ಗೋಡಂಬಿ, ಅಂಟು, ಕೊಬ್ಬರಿ ಇರುತ್ತದಲ್ಲ. ಹರಳು ತುಂಬಿದ ಇಂಥ ಗಾಜಿಗೆ ಗ್ಲಾಸ್-ಸಿರಾಮಿಕ್ ಎನ್ನುತ್ತಾರೆ.

ಇದು ಸಿಕ್ಕಿದ್ದೂ ಭಟ್ಟಿಯ ತಪ್ಪಿನಿಂದಲೇ. ಓದಿದಾಗ ನನಗೆ ಬಹಳ ಖುಷಿಯಾಯಿತು. 1953ರಲ್ಲಿ ಅಮೆರಿಕದ ಕಾರ್ನಿಂಗ್ ಕಂಪನಿಯ ಡೊನಾಲ್ಡ್ ಸ್ಟೂಕಿ ಒಂದು ಗಾಜಿನ ತುಂಡನ್ನು 600 ಡಿಗ್ರಿಗೆ ಕಾಯಿಸಲು ಇಟ್ಟಿದ್ದರು. ಕಂಟ್ರೋಲರ್ ಕೆಟ್ಟು 900ಕ್ಕೆ ಹೋಯಿತು. ಗಾಜು ಕರಗಿ ಭಟ್ಟಿ ಹಾಳಾಯಿತು ಎಂದುಕೊಂಡು ಬಾಗಿಲು ತೆಗೆದರೆ ತುಂಡು ಬೆಳ್ಳಗೆ ಹಾಗೇ ನಿಂತಿತ್ತು. ಹೊರಗೆ ತೆಗೆಯುವಾಗ ಇಕ್ಕಳದಿಂದ ಜಾರಿ ಬಿತ್ತು. ಒಡೆಯಲಿಲ್ಲ, ಲೋಹದಂತೆ ಠಣ್ ಎಂದಿತು. ಕಂಟ್ರೋಲರ್ ಕೆಟ್ಟು ನಮ್ಮ ಭಟ್ಟಿಗಳೂ ಎಷ್ಟೋ ಸಲ ಮಿತಿ ಮೀರಿವೆ. ನಮಗೆ ಸಿಕ್ಕಿದ್ದು ಬೈಗುಳ ಮಾತ್ರ.

ಹರಳು ಹುಟ್ಟಲು ಬೀಜ ಬೇಕು. ಕಬ್ಬಿನ ಸೀಮೆಯವರಿಗೆ ಇದು ಗೊತ್ತು. ಸಕ್ಕರೆ ಕಾರ್ಖಾನೆಯ ಪ್ಯಾನ್‌ಮನ್ ಪಾಕ ಹದಕ್ಕೆ ಬಂದಾಗ ನುಣ್ಣನೆಯ ಸಕ್ಕರೆಯನ್ನು ಬೀಜವಾಗಿ ಬಿಡುತ್ತಾನೆ. ನಾವು ಕರಗಿದ ಬೀಡು ಕಬ್ಬಿಣಕ್ಕೆ ಕೊನೇ ಗಳಿಗೆಯಲ್ಲಿ ಫೆರೋಸಿಲಿಕಾನ್ ಪುಡಿ ಹಾಕುತ್ತೇವೆ. ಅದನ್ನು ಇನಾಕ್ಯುಲೇಶನ್ ಎನ್ನುತ್ತೇವೆ. ಮರೆತರೆ ತೆಳು ಜಾಗದಲ್ಲಿ ಕಬ್ಬಿಣ ಬಿಳಿಯಾಗುತ್ತದೆ, ಡ್ರಿಲ್ ಬಿಟ್ ಮುರಿಯುತ್ತದೆ. ಹಾಕಿ ತಡ ಮಾಡಿದರೂ ಅಷ್ಟೇ, ಬೀಜ ಸತ್ತುಹೋಗುತ್ತದೆ. ಗಾಜಿನಲ್ಲಿ ಈ ಕೆಲಸಕ್ಕೆ ರಂಜಕವೂ ಫ್ಲೋರಿನ್ನೂ ನೆರವಾಗುತ್ತವೆ. ಕ್ಯಾಲ್ಸಿಯಂ ಮತ್ತು ರಂಜಕದ ಜೊತೆ ಫ್ಲೋರಿನ್ ಸೇರಿದರೆ ಫ್ಲೋರಪಟೈಟ್ ಹರಳು ಬೇಗ ಕಟ್ಟುತ್ತದೆ. ಫ್ಲೋರಿನ್ ತೀರಾ ಜಾಸ್ತಿಯಾಗಿ ರಂಜಕ ಸಾಲದೇ ಹೋದರೆ ಅಪಟೈಟ್ ಬದಲು ಫ್ಲೋರ್‌ಸ್ಪಾರೇ ಹರಳಾಗಿ ಹೊರಬೀಳುತ್ತದೆ. ಅದು ಎಲುಬಿಗೆ ಬೇಕಾದದ್ದಲ್ಲ.

ಈಗ ಮುಖ್ಯ ಮಾತು. ಇಂಥ ಗಾಜುಗಳಲ್ಲಿ ಹೆಸರಾದದ್ದು ಜಪಾನಿನ ಕ್ಯೋಟೋ ವಿಶ್ವವಿದ್ಯಾಲಯದ ತದಾಶಿ ಕೊಕುಬೊ ಮತ್ತು ಸಂಗಡಿಗರದು. ನಾನು ಫೌಂಡ್ರಿಗೆ ಸೇರಿದ 1982ರಲ್ಲೇ ಅದರ ಸುದ್ದಿ ಹೊರಬಿತ್ತು. ಹೆಸರು ಎ-ಡಬ್ಲ್ಯೂ ಗ್ಲಾಸ್-ಸಿರಾಮಿಕ್. ಎ ಎಂದರೆ ಅಪಟೈಟ್, ಡಬ್ಲ್ಯೂ ಎಂದರೆ ವೊಲಾಸ್ಟೊನೈಟ್. ವೊಲಾಸ್ಟೊನೈಟ್ ಎಂದರೆ ಕ್ಯಾಲ್ಸಿಯಂ ಸಿಲಿಕೇಟ್. ನೂರು ಗ್ರಾಂ ಮಾಲಿನಲ್ಲಿ ಕ್ಯಾಲ್ಸಿಯಂ ಆಕ್ಸೈಡ್ 44.7, ಸಿಲಿಕಾ 34, ರಂಜಕದ ಆಕ್ಸೈಡ್ 16.2, ಮೆಗ್ನೀಶಿಯಂ ಆಕ್ಸೈಡ್ 4.6. ಕ್ಯಾಲ್ಸಿಯಂ ಫ್ಲೋರೈಡ್ ಬರೀ 0.5. ನಮ್ಮ ಮಿಸ್ತ್ರಿ ಹೇಳಿದ ಉಪ್ಪಿನ ಅಳತೆ.

ಅವರಿಗೂ ಮೊದಲು ಎರಕದವರ ತೊಂದರೆಯೇ ಬಂತು. ಗಾಜಿನ ಗಟ್ಟಿಯನ್ನು ಹಾಗೇ ಕಾಯಿಸಿದರೆ ವೊಲಾಸ್ಟೊನೈಟ್ ಹೊರಮೈಯಿಂದ ಒಳಕ್ಕೆ ಸಾಲಾಗಿ ಬೆಳೆಯುತ್ತಿತ್ತು. ಹರಳಾದಾಗ ಗಾತ್ರ ಕುಗ್ಗುತ್ತದೆ. ಒಳಗೆಲ್ಲ ಬಿರುಕು. ಅಚ್ಚಿನ ಗೋಡೆಯಿಂದ ಗಟ್ಟಿಯಾಗುತ್ತಾ ಬಂದು ಕೊನೆಗೆ ನಡುವೆ ಪೊಳ್ಳು ಬಿಡುವ ಎರಕವನ್ನು ನಾನು ಎಷ್ಟು ಸಲ ಗುಜರಿಗೆ ಹಾಕಿದ್ದೇನೋ ಲೆಕ್ಕವಿಲ್ಲ. ಕ್ಯೋಟೋದವರು ಮಾಡಿದ ಉಪಾಯ ಸರಳ. ಗಾಜನ್ನು ಪುಡಿ ಮಾಡಿದರು. ಪುಡಿಯನ್ನು ಬೇಕಾದ ಆಕಾರಕ್ಕೆ ಒತ್ತಿದರು. ನಿಮಿಷಕ್ಕೆ 5 ಡಿಗ್ರಿಯಂತೆ 1050ರವರೆಗೆ ಕಾಯಿಸಿದರು. 830ರ ಸುಮಾರಿಗೆ ಪುಡಿ ಒಂದಕ್ಕೊಂದು ಬೆಸೆದು ಗಟ್ಟಿಯಾಗುತ್ತದೆ. 870ಕ್ಕೆ ಅಪಟೈಟ್ ಹರಳು, 900ಕ್ಕೆ ವೊಲಾಸ್ಟೊನೈಟ್. ಈಗ ಹೊರಮೈ ಒಂದೇ ಅಲ್ಲ, ಪ್ರತಿ ಪುಡಿಯ ಮೇಲೂ ಹರಳು ಹುಟ್ಟುತ್ತದೆ. ಬಿರುಕಿಲ್ಲ. ಅಪಟೈಟ್ 38, ವೊಲಾಸ್ಟೊನೈಟ್ 34, ಉಳಿದ 28 ಭಾಗ ಗಾಜಾಗಿಯೇ ಉಳಿಯುತ್ತದೆ. ಬಗ್ಗಿಸಿ ಮುರಿಯುವ ಪರೀಕ್ಷೆಯಲ್ಲಿ ಇದರ ಬಲ 215 ಮೆಗಾಪಾಸ್ಕಲ್. ಗಟ್ಟಿ ಎಲುಬಿನದು ಹೆಚ್ಚೆಂದರೆ 160ರ ಆಸುಪಾಸು. ಜಪಾನಿನಲ್ಲಿ ಬೆನ್ನುಮೂಳೆಯ ಮಣಿಯ ಜಾಗಕ್ಕೂ, ಸೊಂಟದ ಎಲುಬು ಕೆತ್ತಿದ ಜಾಗಕ್ಕೂ ಇದನ್ನು ಹಾಕಿದ್ದಾರೆ.

ತಂಗಿಗಾಗಿ ಒಂದು ಲೆಕ್ಕ ಮಾಡಿದೆ. ಪತ್ರ ಉದ್ದವಾಯಿತೆಂದು ಕತ್ತರಿಸುವುದಿದ್ದರೆ ಬೇರೆಲ್ಲಾದರೂ ಕತ್ತರಿಸಿ, ಇದನ್ನು ಬಿಡಬೇಡಿ. ಎ-ಡಬ್ಲ್ಯೂ ಗಾಜಿನ 10 ಗ್ರಾಂ ತುಂಡು ಮೈಯಲ್ಲಿದೆ ಎಂದುಕೊಳ್ಳಿ. ಅದರಲ್ಲಿ ಕ್ಯಾಲ್ಸಿಯಂ ಫ್ಲೋರೈಡ್ 50 ಮಿಲಿಗ್ರಾಂ. ಅದರಲ್ಲಿ ಫ್ಲೋರಿನ್ ತೂಕ ಅರ್ಧಕ್ಕೆ ಸ್ವಲ್ಪ ಕಡಿಮೆ, ಅಂದರೆ ಸುಮಾರು 24 ಮಿಲಿಗ್ರಾಂ. ತಂಗಿಯ ಊರಿನ ಬೋರಿನ ನೀರನ್ನು ಪರೀಕ್ಷೆ ಮಾಡಿದಾಗ ಲೀಟರಿಗೆ 3 ಮಿಲಿಗ್ರಾಂ ಫ್ಲೋರೈಡ್ ಬಂದಿತ್ತು. ಬೇಸಿಗೆಯಲ್ಲಿ ಹೊಲದಲ್ಲಿ ದುಡಿಯುವವರು ಕುಡಿಯುವುದು, ಅಡುಗೆಯದು ಸೇರಿ ದಿನಕ್ಕೆ 4 ಲೀಟರ್ ಹೊಟ್ಟೆಗೆ ಹಾಕಿಕೊಂಡರೆ 12 ಮಿಲಿಗ್ರಾಂ ಆಯಿತು. ಇಡೀ ತುಂಡಿನಲ್ಲಿ ಇರುವಷ್ಟು ಫ್ಲೋರಿನ್ನನ್ನು ಅವಳು ಎರಡೇ ದಿನದಲ್ಲಿ ಕುಡಿಯುತ್ತಾಳೆ. ಮತ್ತೆ ಎರಡು ದಿನದಲ್ಲಿ ಇನ್ನೊಮ್ಮೆ. ಮದುವೆಯಾಗಿ ಹೋಗಿ 30 ವರ್ಷವಾಯಿತು.

ಜೊತೆಗೆ, ತುಂಡಿನ ಫ್ಲೋರಿನ್ ಬಿಡಿಯಾಗಿ ಇರುವುದಿಲ್ಲ. ಹೆಚ್ಚಿನದು ಅಪಟೈಟ್ ಹರಳಿನೊಳಗೆ ಸಿಕ್ಕಿಕೊಂಡಿರುತ್ತದೆ. ಫ್ಲೋರಿನ್ ಕೂತ ಅಪಟೈಟ್ ಬರೀ ಅಪಟೈಟ್‌ಗಿಂತ ಕಡಿಮೆ ಕರಗುತ್ತದೆ. ಫ್ಲೋರೈಡ್ ಪೇಸ್ಟಿನಿಂದ ಹಲ್ಲುಜ್ಜಿದರೆ ಹುಳುಕು ಕಡಿಮೆಯಾಗುವುದಕ್ಕೂ ಇದೇ ಒಂದು ಕಾರಣ. ನೀರಿನಲ್ಲಿರುವುದು ಬಿಡಿ ಫ್ಲೋರೈಡ್, ಕುಡಿದ ಕೂಡಲೇ ರಕ್ತಕ್ಕೆ ಹೋಗುತ್ತದೆ. ವರ್ಷಗಟ್ಟಲೆ ಎಲುಬಿನಲ್ಲಿ ಜಮೆಯಾಗುತ್ತದೆ.

ಹಾಗೆಂದು ಎಲ್ಲ ಫ್ಲೋರಿನ್ ಗಾಜೂ ಒಂದೇ ಎಂದು ನಾನು ಹೇಳುತ್ತಿಲ್ಲ. ಜರ್ಮನಿಯ ಜೆನಾದಲ್ಲಿ ಅಭ್ರಕದ ಹರಳು ಕಟ್ಟಿಸಿದ ಇನ್ನೊಂದು ಜಾತಿ ಮಾಡಿದರು. ಅಭ್ರಕ ಪದರ ಪದರವಾಗಿ ಬಿಡುವುದರಿಂದ ಅದನ್ನು ಲೇಥ್‌ನಲ್ಲಿ ಕೊರೆಯಬಹುದು, ಡ್ರಿಲ್ ಮಾಡಬಹುದು. ಆ ಅಭ್ರಕದ ತೂಕದಲ್ಲಿ ನೂರಕ್ಕೆ 9 ಭಾಗ ಫ್ಲೋರಿನ್. ಅಪಟೈಟ್ ಜೊತೆ ಮುಲ್ಲೈಟ್ ಎಂಬ ಇನ್ನೊಂದು ಹರಳು ಕಟ್ಟಿಸುವ ಜಾತಿಯೂ ಇದೆ. ಅದು ಗಟ್ಟಿ, ಆದರೆ ಅದರಲ್ಲಿ ಅಲ್ಯೂಮಿನಿಯಂ ಇದೆ. ಅಲ್ಯೂಮಿನಿಯಂ ಕರಗಿ ಹೊರಬಂದರೆ ಹೊಸ ಎಲುಬು ಗಟ್ಟಿಯಾಗಲು ಅಡ್ಡಿಯಾಗುತ್ತದೆ. ನನಗೆ ಅಂಥದ್ದು ಹಾಕುವುದಾದರೆ ಫ್ಲೋರಿನ್ ಬಗ್ಗೆ ಆಮೇಲೆ ಕೇಳುತ್ತೇನೆ, ಅಲ್ಯೂಮಿನಿಯಂ ಎಷ್ಟು ಹೊರಬರುತ್ತದೆ ಎಂದು ಮೊದಲು ಕೇಳುತ್ತೇನೆ. ಇನ್ನು, ಇವೆಲ್ಲ ಒತ್ತಡ ತಡೆಯುತ್ತವೆ, ಪೆಟ್ಟು ತಡೆಯುವುದು ಕಡಿಮೆ. ತೊಡೆಯ ಎಲುಬಿನ ಭಾರವನ್ನು ಇದೊಂದರ ಮೇಲೆ ಬಿಡುವ ಹಾಗಿಲ್ಲ. ನನ್ನ ಕಾಲಲ್ಲೂ ಭಾರ ಹೊರುವುದು ಸ್ಟೀಲ್ ಪ್ಲೇಟೇ.

ನನಗೆ ವಿಚಿತ್ರ ಎನಿಸಿದ್ದು ಇನ್ನೊಂದು. ಅಪಟೈಟ್, ಅಭ್ರಕ, ಫ್ಲೋರ್‌ಸ್ಪಾರ್ — ಗಾಜಿನವರ ಭಟ್ಟಿಯಲ್ಲಿ ಕಟ್ಟುವ ಹರಳುಗಳು ಇವು. ಗ್ರಾನೈಟ್ ಬಂಡೆಗಳಲ್ಲಿ ಇವು ಮೊದಲೇ ಇವೆ. ಇಳಕಲ್ಲಿನ ಕೆಂಪು ಗ್ರಾನೈಟ್ ದೇಶಕ್ಕೆಲ್ಲ ಗೊತ್ತು. ಅದೇ ಸೀಮೆಯ ಬಂಡೆಗಳ ಸಂದಿಯಲ್ಲಿ ಬೋರಿನ ನೀರು ವರ್ಷಗಟ್ಟಲೆ ನಿಂತಿರುತ್ತದೆ, ಹರಳುಗಳ ಫ್ಲೋರೈಡ್ ಅದಕ್ಕೆ ಇಳಿಯುತ್ತದೆ. ನೀರಿನಲ್ಲಿ ಸೋಡಾದ ಅಂಶ ಜಾಸ್ತಿಯಾಗಿ ಕ್ಯಾಲ್ಸಿಯಂ ಕಡಿಮೆಯಿದ್ದರೆ ಫ್ಲೋರೈಡ್ ಇನ್ನೂ ಹೆಚ್ಚು ಕರಗುತ್ತದೆ. ಕುಡಿಯುವ ನೀರಿಗೆ ನಮ್ಮ ದೇಶದ ಮಿತಿ ಲೀಟರಿಗೆ 1 ಮಿಲಿಗ್ರಾಂ. ಬೇರೆ ನೀರೇ ಸಿಗದಿದ್ದರೆ 1.5ರವರೆಗೆ. ತಂಗಿಯ ಊರಿನದು ಅದರ ಎರಡು ಪಟ್ಟು.

ಆ ಊರಿಗೆ ಶುದ್ಧ ನೀರಿನ ಘಟಕ ಬಂದಿದೆ. ಐದು ರೂಪಾಯಿ ನಾಣ್ಯ ಹಾಕಿದರೆ ಒಂದು ಕೊಡ. ಆರು ತಿಂಗಳು ಓಡಿತು. ಒಳಗಿನ ಮೆಂಬ್ರೇನ್, ಅಂದರೆ ನೀರು ಸೋಸುವ ಪೊರೆ, ಹೋಗಿದೆ ಎಂದು ಬೀಗ ಹಾಕಿದರು. ಈಗ ನಾಲ್ಕು ತಿಂಗಳಾಯಿತು. ದುಡ್ಡಿದ್ದವರು ಕ್ಯಾನ್ ತರಿಸುತ್ತಾರೆ. ಉಳಿದವರು ಬೋರಿನ ಹತ್ತಿರ ಸಾಲು ನಿಲ್ಲುತ್ತಾರೆ. ಆ ಬೋರಿನ ಕಟ್ಟೆಯ ಮೇಲೆ ಯಾರೋ ಕೆಂಪು ಬಣ್ಣದಲ್ಲಿ 'ಕುಡಿಯಲು ಯೋಗ್ಯವಲ್ಲ' ಎಂದು ಬರೆದಿದ್ದರು. ಕೊಡ ಇಟ್ಟು ಇಟ್ಟು 'ಯೋಗ್ಯ' ಮಾತ್ರ ಉಳಿದಿದೆ.

ಹಾಗಾಗಿ ಎರಡು ವಿನಂತಿ. ಒಂದು, ಎಲುಬಿಗೆ ಏನು ತುಂಬಿದರು ಎಂಬ ಸ್ಟಿಕ್ಕರಿನ ಒಂದು ಪ್ರತಿಯನ್ನು ರೋಗಿಯ ಕೈಗೂ ಕೊಡಬೇಕು ಎಂದು ನಿಮ್ಮ ಪೇಪರಿನಲ್ಲಿ ಬರೆಯಿರಿ. ಮೂರು ಸಲ ಓಡಾಡಿ ನೋಡುವಂಥದ್ದಲ್ಲ ಅದು. ಎರಡು, ಆ ಅಜ್ಜನ ಫೋಟೊವನ್ನು ಗಾಜಿನ ಲೇಖನದ ಪಕ್ಕದಿಂದ ತೆಗೆದು ಬೀಗ ಹಾಕಿದ ಘಟಕದ ಸುದ್ದಿಯ ಪಕ್ಕಕ್ಕೆ ಹಾಕಿ. ಊರಿನ ಹೆಸರು, ದಾರಿ ಎಲ್ಲ ಬೇರೆ ಚೀಟಿಯಲ್ಲಿ ಬರೆದು ಇಟ್ಟಿದ್ದೇನೆ. ನಿಮ್ಮ ವರದಿಗಾರರು ಬರುವುದಾದರೆ ತಂಗಿ ತೋರಿಸುತ್ತಾಳೆ. "ಪೇಪರಿನವ್ರು ಬರಲಿ ಅಣ್ಣಾ, ಚಾ ಮಾಡ್ತೀನಿ. ಕ್ಯಾನಿನ ನೀರಾಗ ಮಾಡ್ತೀನಂತ ಮೊದಲ ಹೇಳಿಬಿಡು" ಎಂದಿದ್ದಾಳೆ.

ಒಬ್ಬ ನಿವೃತ್ತ ಫೌಂಡ್ರಿ ಕೆಲಸಗಾರ,
ಉದ್ಯಮಬಾಗ, ಬೆಳಗಾವಿ